ಭೂತಮ್ಮನ ಅಳು ರಿಂಗಾದದ್ದು

ಭೂತಮ್ಮನಿಗೆ ಅಸಹ್ಯ ಅನ್ನುವುದು ಹುಟ್ಟುಗುಣ. ಎಲೆಯಡಿಕೆ ಉಗಿದ ಗೋಡೆ ಕಂಡರೆ ಅತ್ತ ಮುಖ ತಿರುಗಿಸುವಳು. ಹೊನ್ನವಳ್ಳಿ ಬಸ್ಸಿನಲ್ಲಿ ಪಕ್ಕದವನು ಬೀಡಿ ಹಚ್ಚಿದರೆ ಇಳಿದು ನಡೆದುಬಿಡುವಳು. ಕೊಬ್ಬರಿ ಶೆಡ್ಡಿನಲ್ಲಿ ಕರಟ ಬಿಡಿಸುವ ಕೂಲಿಯಾದರೂ ಕುಡಿಯುವ ಚೊಂಬು ಬೇರೆ, ಕೂರುವ ಗೋಣಿತಾಟು ಬೇರೆ. "ಅರಮನೆಯೋಳು ಬಂದ್ಲು" ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಆದರೆ ಬಿಳಿಗೆರೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೇಳಿಕಳಿಸುತ್ತಿದ್ದುದು ಅವಳಿಗೇ.

ಯಾಕೆಂದರೆ ಅವಳ ಹಾಗೆ ಅಳುವವರು ಸುತ್ತಮುತ್ತ ಇರಲಿಲ್ಲ. ದುಡ್ಡಿಗಲ್ಲ, ಋಣಕ್ಕೆ. ಹೆಣದ ತಲೆಯ ಹತ್ತಿರ ಕೂತು, ಸತ್ತವರನ್ನೇ ಮಾತಾಡಿಸುತ್ತ ಹಾಡಿಕೊಂಡು ಅಳುವಳು. ಗಂಡಸರೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುವರು. ಮಣ್ಣು ಮಾಡಿ ಬಂದು ತಲೆಗೆ ನೀರು ಹುಯ್ದುಕೊಂಡರೆ ಮುಗಿಯಿತು. ಅಳುವಿನಲ್ಲಿ ಬಂದ ಮಾತನ್ನು ಆಮೇಲೆ ಯಾರೂ ಎತ್ತಬಾರದು. ಎತ್ತಿದವರೂ ಇರಲಿಲ್ಲ, ದುರ್ಗಯ್ಯ ಆ ಫೋನು ತರುವವರೆಗೆ.

ದುರ್ಗಯ್ಯ ಅವಳ ಗಂಡ ಗಂಗಯ್ಯನ ಚಿಕ್ಕಪ್ಪನ ಮಗ. ತಿಪಟೂರಿಗೆ ಕೊಬ್ಬರಿ ಮೂಟೆ ಸಾಗಿಸುವ ಲಗೇಜ್ ಆಟೋ ಓಡಿಸುತ್ತಿದ್ದ. ಫೋನು ಚೈನಾ ಸೆಟ್ಟು. ಎರಡು ಸಿಮ್ಮು, ನೆತ್ತಿಯ ಮೇಲೆ ಟಾರ್ಚು, ಎಫ್‌ಎಂ, ಬೆನ್ನ ತುಂಬ ಸ್ಪೀಕರು. ಒಮ್ಮೆ ಚಾರ್ಜು ಹಾಕಿದರೆ ವಾರವಿಡೀ ಚಿಂತೆಯಿಲ್ಲ. ಅವನಿಗೆ ಹೆಚ್ಚು ಹೆಮ್ಮೆ ಇದ್ದದ್ದು ಇನ್ನೊಂದರ ಮೇಲೆ: ಯಾವ ಸದ್ದನ್ನು ಬೇಕಾದರೂ ಹಿಡಿದು ಅದನ್ನೇ ರಿಂಗು ಮಾಡಿಕೊಳ್ಳಬಹುದು. ಮೊದಲು ಮೇಕೆಯ ಕೂಗು ಹಿಡಿದ, ಆಮೇಲೆ ಹೆಂಡತಿಯ ಗೊರಕೆ. ಊರು ನಕ್ಕಿತು. ಮಂಗನಿಗೆ ಹೆಂಡ ಕುಡಿಸಿದಂತಾಯಿತು.

ಗಂಗಯ್ಯ ಎದೆನೋವೆಂದು ಮಲಗಿದವನು ಏಳಲಿಲ್ಲ. ಭೂತಮ್ಮ ಅತ್ತಳು. "ಅಟ್ಟದ ಕಾಯಿ ಒಣಗೋಕ್ ಮುಂಚೆ ಎದ್ದೋದ್ಯಲ್ಲೋ... ಬಂಜೆ ಅಂತ ಊರೆಲ್ಲಾ ಅಂದ್ರೂ ನೀನೊಂದಿನ ಅನ್ನಲಿಲ್ವಲ್ಲೋ..." ಅದು ಗಂಡಹೆಂಡಿರ ನಡುವಿನ ಮಾತು. ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ದುರ್ಗಯ್ಯನ ಜೇಬಿನಲ್ಲಿ ಫೋನು ಅದನ್ನು ನುಂಗುತ್ತಿತ್ತು.

ಗಂಡ ಹೋದ ಮೇಲೆ ಅವಳ ಮಗ್ಗುಲಲ್ಲಿ ಮಲಗಿ ಸಮಾಧಾನ ಹೇಳಿದವಳು ದುರ್ಗಯ್ಯನ ತಾಯಿ ಚೌಡಮ್ಮ. "ನಾನ್ ಸತ್ತಾಗ್ಲೂ ನೀನೇ ಅಳ್ಬೇಕು ಕಣೇ. ಮೂಕ ದನ ಹೋದಂಗೆ ಹೋಗಾಕೆ ನನಗಿಷ್ಟ ಇಲ್ಲ" ಎಂದಿದ್ದಳು. ಭೂತಮ್ಮ ಅವಳ ಕೈ ಹಿಡಿದು ಹೂಂ ಎಂದಿದ್ದಳು.

ತಿಥಿ ಕಳೆದು ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ದುರ್ಗಯ್ಯ ಶೆಡ್ಡಿಗೆ ಮೂಟೆ ತುಂಬಲು ಬಂದ. ಜೇಬಿನಿಂದ ಭೂತಮ್ಮನ ಅಳು ಎದ್ದಿತು. "ಬಂಜೆ ಅಂತ ಊರೆಲ್ಲಾ ಅಂದ್ರೂ ನೀನೊಂದಿನ..." ಅಷ್ಟರಲ್ಲಿ ಅವನು ಗುಂಡಿ ಒತ್ತಿ, "ಹಲೋ, ಯಾರು? ಜೋರಾಗಿ ಮಾತಾಡ್ಲಾ" ಎಂದ. ಒಬ್ಬಿಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಭೂತಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. ತಾನು ಸ್ನಾನ ಮಾಡಿ ಕಳೆದುಕೊಂಡದ್ದನ್ನು ಇವನು ಬೆವರಿನ ಜೇಬಿನಲ್ಲಿ, ಬೀಡಿ ಕಟ್ಟಿನ ಜೊತೆ ಇಟ್ಟುಕೊಂಡು ತಿರುಗುತ್ತಿದ್ದಾನೆ. ಕಕ್ಕಸಿಗೂ ಒಯ್ದಿರುತ್ತಾನೆ. ಥೂ!

"ಅಳಿಸಾಕು ಅದನ್ನ" ಎಂದಳು.

"ಅಯ್ಯ, ನಿನ್ನ ದನಿಗೆ ತಿಪಟೂರಾಗೂ ಹೆಸರು ಬಂದೈತೆ ಕಣತ್ತಿಗೆ. ಅಳಿಸ್ತೀನಿ ಬುಡು."

ಅಳಿಸಲಿಲ್ಲ. ಅಂಥವರು ಅಳಿಸುವುದೂ ಇಲ್ಲ. ಅವನ ಆಟೋ ಬಂದರೆ ಭೂತಮ್ಮ ಶೆಡ್ಡಿನ ಹಿಂದೆ ಹೋಗಿ ಕಿವಿ ಮುಚ್ಚಿಕೊಂಡು ನಿಲ್ಲತೊಡಗಿದಳು. ಊರಿನ ಎರಡು ಸಾವಿಗೆ ಹೋಗಲೇ ಇಲ್ಲ. ತನ್ನ ಗಂಟಲೇ ತನಗೆ ಎಂಜಲೆನ್ನಿಸಿತ್ತು.

ಆ ವರ್ಷದ ಮಾಗಿಯಲ್ಲಿ ಚೌಡಮ್ಮ ತೀರಿಕೊಂಡಳು. ಕೊಟ್ಟ ಮಾತು ಕೊಟ್ಟ ಮಾತೇ. ಭೂತಮ್ಮ ಹೋದಳು, ತಲೆಯ ಹತ್ತಿರ ಕೂತಳು, ಮುದುಕಿಯ ಹಣೆ ಸವರಿದಳು. ಜನ ಕಾದರು. ಹೇಸಿಗೆಯನ್ನೆಲ್ಲ ನುಂಗಿಕೊಂಡು ಕೊನೆಗೆ ಬಾಯಿ ತೆರೆದಳು.

"ಅತ್ತೇ... ನನ್ನ ಮಗ್ಗುಲಾಗೆ ಮಲಗಿದ್ದೋಳೇ..."

ದುರ್ಗಯ್ಯನ ಜೇಬು ಅವಳಿಗಿಂತ ಜೋರಾಗಿ ಅತ್ತಿತು. "ಅಟ್ಟದ ಕಾಯಿ ಒಣಗೋಕ್ ಮುಂಚೆ ಎದ್ದೋದ್ಯಲ್ಲೋ..." ಸಾವಿನ ಸುದ್ದಿ ತಿಳಿದು ಯಾರೋ ನೆಂಟರು ಫೋನು ಮಾಡಿದ್ದರು. ಸವೆದ ಗುಂಡಿ ಒತ್ತಿದರೂ ಒಪ್ಪಲಿಲ್ಲ. ಹೆಣದ ಮುಂದೆ ಅಳು ಪೂರ್ತಿ ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಬಂಜೆ ಅನ್ನುವ ಮಾತೂ ಬಂತು. ಈ ಸಲ ಯಾರೂ ನಗಲಿಲ್ಲ. ದುರ್ಗಯ್ಯ ಹಿಂದಿನ ಮುಚ್ಚಳ ಕಿತ್ತು ಬ್ಯಾಟರಿ ತೆಗೆದ.

ಭೂತಮ್ಮ ಎದ್ದು ನಿಂತಿದ್ದಳು.

"ಅತ್ತಿಗೆ, ಅಳತ್ತಿಗೆ" ಎಂದು ಅವನು ಕಾಲಿಗೆ ಬಿದ್ದ. "ಅವ್ವ ಕೇಳ್ಕೊಂಡಿದ್ಲು. ನಿನ್ನ ದಮ್ಮಯ್ಯ, ಒಂದ್ ಮಾತಾಡಿ ಅಳು."

ಭೂತಮ್ಮ ಅವನ ಕೈ ತಗುಲಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಮುದುಕಿಯ ಮುಖ ನೋಡಿದಾಗ ಕಣ್ಣು ತುಂಬಿ ಹರಿಯಿತು, ಅದನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ನಿಮ್ಮವ್ವಂದು ಆಗೋಯ್ತು ಕಣಪ್ಪ" ಎಂದಳು. "ನಿನ್ನ ಫೋನೇ ಅತ್ತಾಯ್ತಲ್ಲ. ಹೆಣ ಎತ್ರಿ."