ಬಫಾತಿಗೆ ಬಿದ್ದ ಮೂಲಂಗಿ

ಅಡುಗೆಮನೆಯಲ್ಲಿ ನಾನು ಒಳ್ಳೆಯ ಮನುಷ್ಯನಲ್ಲ. ಹೊರಗಿನವರು ಇದನ್ನು ನಂಬುವುದಿಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ನಾನು ಸ್ಟೋರ್‌ಕೀಪರ್. ಫೋರ್ಕ್‌ಲಿಫ್ಟಿನವನು ನನ್ನ ಕಣ್ಣೆದುರೇ ಪೆಟ್ಟಿಗೆ ಬೀಳಿಸಿದರೂ ‘ಮಾಫಿ ಮುಶ್ಕಿಲ್, ಪರವಾಗಿಲ್ಲ’ ಎಂದು ನಕ್ಕುಬಿಡುವವನು. ಅದೇ ನಾನು ದೇರಾದ ನಮ್ಮ ಫ್ಲ್ಯಾಟಿನಲ್ಲಿ ಬೀಫ್ ಬಫಾತು ಮಾಡಲು ನಿಂತೆನೆಂದರೆ, ನನ್ನ ಹೆಂಡತಿ ಐರಿನ್ ಮಗಳನ್ನು ಕರೆದುಕೊಂಡು ಹಾಲಿಗೆ ಹೋಗಿ ಟಿವಿ ಹಾಕುತ್ತಾಳೆ, ಅದೂ ಸ್ವಲ್ಪ ಜೋರಾಗಿಯೇ.

ಬಫಾತು ಎಂದರೆ ಮಂಗಳೂರು ಕಡೆಯ ನಮ್ಮ ಕ್ರಿಶ್ಚಿಯನ್ ಮನೆಗಳ ಮಾಂಸದ ಸಾರು. ಸಾರು ಎಂದು ಬರೆದದ್ದಕ್ಕೇ ನನಗೀಗ ಸಿಟ್ಟು ಬರುತ್ತಿದೆ. ಅದು ಸಾರಿಗಿಂತ ಗಟ್ಟಿ, ಒಣ ಪಲ್ಯದಂಥ ಸುಕ್ಕಕ್ಕಿಂತ ತೆಳು. ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ ಸೇರಿದ ಅದರ ಪುಡಿ ಊರಿನಿಂದಲೇ ಬರಬೇಕು, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಮಲಗಿಕೊಂಡು. ಆ ಹೆಸರಿನ ಮೂಲ ಪೋರ್ಚುಗೀಸ್ ಎಂದು ನಮ್ಮಲ್ಲಿ ಬಲ್ಲವರು ಹೇಳುತ್ತಾರೆ. ತಮಗೆ ಅರ್ಥ ಗೊತ್ತಿಲ್ಲದ ಪದಗಳೆಲ್ಲ ಪೋರ್ಚುಗೀಸರವು ಎಂಬುದು ಆ ಬಲ್ಲವರ ಒಟ್ಟು ಪಾಂಡಿತ್ಯ. ಎಲುಬು ಇರುವ ಮಾಂಸ, ಸಣ್ಣ ಉರಿ, ಕಡಿಮೆಯೆಂದರೆ ಎರಡು ಗಂಟೆ. ಕುಕ್ಕರಿನಲ್ಲಿ ಕೂಗಿಸಿ ಇಳಿಸುವವರ ಬಗ್ಗೆ ನನಗಿರುವ ಅಭಿಪ್ರಾಯ ಅಚ್ಚು ಮಾಡುವಂಥದ್ದಲ್ಲ.

ನನ್ನ ಕಾನೂನು ಒಂದೇ: ಅಮ್ಮ ಮಾಡುತ್ತಿದ್ದ ಹಾಗೆ. ಅಂದರೆ ತುಂಬ ಮಾಂಸ, ನಾಲ್ಕು ಆಲೂಗಡ್ಡೆ, ಮತ್ತೇನೂ ಇಲ್ಲ. ಕ್ಯಾರೆಟ್ ಹಾಕಿದನೆಂಬ ಕಾರಣಕ್ಕೆ ಸ್ನೇಹಿತನೊಬ್ಬನ ಮನೆಗೆ ಎರಡು ವರ್ಷ ಹೋಗದೆ ಇದ್ದವನು ನಾನು.

ಅಮ್ಮ ತೀರಿಕೊಂಡು ಒಂದು ವರ್ಷ ತುಂಬಿದ್ದು ಶುಕ್ರವಾರ. ರಜೆಯ ದಿನ. ಬೆಳಗ್ಗೆ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದವನೇ ಪಾತ್ರೆ ಇಟ್ಟೆ. ಹನ್ನೊಂದರ ಹೊತ್ತಿಗೆ ಅಬುಧಾಬಿಯಿಂದ ಬಸ್ಸಿನಲ್ಲಿ ಸಿಸಿಲಿಯಕ್ಕ ಬಂದಳು. ನನಗಿಂತ ಹದಿನಾರು ವರ್ಷ ದೊಡ್ಡವಳು. ನನಗೆ ಆರು ವರ್ಷವಿದ್ದಾಗ ನರ್ಸ್ ಆಗಿ ಈ ದೇಶಕ್ಕೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ಬ್ಯಾಗು ಕೆಳಗಿಟ್ಟು, ಕೈ ತೊಳೆದು, ನೇರ ಒಲೆಯ ಹತ್ತಿರ ಹೋದಳು. ಚೀಲದಿಂದ ಎರಡು ಬಿಳಿ ಮೂಲಂಗಿ ತೆಗೆದು ಹೆಚ್ಚಿದಳು. ಸಲಾಡ್ ಮಾಡುತ್ತಾಳೆಂದುಕೊಂಡೆ. ಅವಳು ನನ್ನ ಪಾತ್ರೆಯ ಮುಚ್ಚಳ ತೆಗೆದು ಅಷ್ಟನ್ನೂ ಒಳಗೆ ಸುರಿದಳು.

ನಾನು ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಹಾಲಿನಲ್ಲಿ ಟಿವಿ ನಿಂತಿತು.

“ಎಂತ ಮಾಡಿದ್ದು ನೀನು? ಅಮ್ಮನ ವರ್ಷದ ದಿನವೇ ಅಮ್ಮನ ಬಫಾತು ಹಾಳು ಮಾಡಿದೆಯಲ್ಲ!”

“ಹಾಳು ಎಂತ ಆಗ್ಲಿಲ್ಲ. ಅಮ್ಮ ಹಾಕ್ತಿದ್ದದ್ದೇ ಇದು.”

“ಅಮ್ಮ ಒಂದು ದಿನವೂ ಮೂಲಂಗಿ ಹಾಕಿದ್ದನ್ನು ನಾನು ನೋಡಲಿಲ್ಲ. ಮೂವತ್ತು ವರ್ಷ ಹೊರಗಿದ್ದವಳಿಗೆ ಅಮ್ಮನ ಅಡುಗೆ ಗೊತ್ತುಂಟಾ? ಅಮ್ಮನ ಕೈಯಲ್ಲಿ ತಿಂದು ಬೆಳೆದದ್ದು ನಾನು!”

ಸೌಟಿನಿಂದ ಮೂಲಂಗಿಯನ್ನು ಹೆಕ್ಕಿ ಸಿಂಕಿಗೆ ಎಸೆಯತೊಡಗಿದೆ. ಒಂದು, ಎರಡು. ಮೂರನೆಯದಕ್ಕೆ ಅಕ್ಕ ನನ್ನ ಕೈ ಹಿಡಿದಳು. ನಮ್ಮ ಮನೆಮಾತು ಕೊಂಕಣಿ. ಆದರೆ ಅಕ್ಕನಿಗೆ ನಿಜವಾಗಿ ಸಿಟ್ಟು ಬಂದರೆ ಕನ್ನಡಕ್ಕೆ ತಿರುಗುತ್ತಾಳೆ. ಅಲ್ಲಿಯವರೆಗೆ ಇಬ್ಬರೂ ಕೊಂಕಣಿಯಲ್ಲೇ ಕೂಗಾಡುತ್ತಿದ್ದೆವು. ಈಗ ಅವಳು ತಿರುಗಿದಳು.

“ಲ್ಯಾನ್ಸಿ, ಸೌಟು ಕೆಳಗಿಡು. ಅಪ್ಪ ಕೆಲಸಕ್ಕೆ ಹೋಗ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿದಾಗ ನಾನು ಏಳನೇ ಕ್ಲಾಸು. ನೀನು ಹುಟ್ಟಿರಲಿಲ್ಲ. ಹಬ್ಬಕ್ಕೆ ಅರ್ಧ ಕಿಲೋ ಮಾಂಸ, ಮನೆಯಲ್ಲಿ ಆರು ಜನ. ಪಾತ್ರೆ ತುಂಬಬೇಕಲ್ಲ? ಹಿತ್ತಲಿನ ಮೂಲಂಗಿ ಹಾಕ್ತಿದ್ದದ್ದು. ಮಾಂಸ ಅಪ್ಪನಿಗೆ, ಅಜ್ಜಿಗೆ, ಅಣ್ಣಂದಿರಿಗೆ. ನನ್ನ ತಟ್ಟೆಗೆ ಮೂಲಂಗಿ. ರಸ ಎಲ್ಲ ಎಳ್ಕೊಳ್ಳುದು ಅದೇ, ಅದಕ್ಕೇ ರುಚಿ ಹೆಚ್ಚು ಅಂತ ಅಮ್ಮ ಹೇಳ್ತಿದ್ದದ್ದು. ನಾನು ನಂಬಿದ್ದೆ. ನೀನು ತಿಂದು ಬೆಳೆದೆ ಅಂತೀಯಲ್ಲ, ಆ ಮಾಂಸ, ಆ ಆಲೂಗಡ್ಡೆ, ಅದು ಅಮ್ಮನ ಬಫಾತು ಅಲ್ಲ ಮಾರಾಯ. ಅದು ನನ್ನ ಸಂಬಳ.”

ಐರಿನ್ ಬಂದು ಗ್ಯಾಸಿನ ಉರಿ ತಗ್ಗಿಸಿ ಹೋದಳು.

ಇಂಥ ಹೊತ್ತಿನಲ್ಲಿ ಸಿಟ್ಟು ಇಳಿಯಬೇಕೆಂದು ಓದುಗರು ಬಯಸಬಹುದು. ನನ್ನದು ಇಳಿಯಲಿಲ್ಲ, ಕೂರಲು ಬೇರೆ ಜಾಗ ಹುಡುಕಿತು. ಮೊದಲು ಅಕ್ಕನ ಮೇಲೆ: ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಆಮೇಲೆ ಅಮ್ಮನ ಮೇಲೆ: ಮಗಳಿಗೆ ಆ ಸುಳ್ಳು ಹೇಳಿದ್ದಕ್ಕೆ, ಮಗನಿಗೆ ಆ ನಿಜ ಹೇಳದೆ ಹೋದದ್ದಕ್ಕೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದರಷ್ಟು ಕಷ್ಟದ ಕೆಲಸ ಬೇರೊಂದಿಲ್ಲ, ಅವರು ತಿರುಗಿ ಬೈಯುವುದಿಲ್ಲ. ಕಡೆಗೆ ಅದು ನನ್ನ ಮೇಲೆಯೇ ಬಂದು ಕೂತಿತು. ಪರಂಪರೆ, ಶುದ್ಧ ರುಚಿ ಎಂದು ಊರೆಲ್ಲ ಭಾಷಣ ಮಾಡಿಕೊಂಡು ಬಂದವನು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಹುಡುಗಿಯೊಬ್ಬಳ ದುಡಿಮೆಯನ್ನು ಚಪ್ಪರಿಸುತ್ತಿದ್ದೆ.

ಸಿಂಕಿನಿಂದ ಎರಡು ಮೂಲಂಗಿ ತುಂಡು ಎತ್ತಿ ತೊಳೆದು ಮತ್ತೆ ಪಾತ್ರೆಗೆ ಹಾಕಿದೆ. ಅಕ್ಕ ನೋಡಿದಳು. “ವಿನೆಗರ್ ಕಮ್ಮಿಯಾಗಿದೆ” ಎಂದಳು. ಅದಕ್ಕೂ ಸಿಟ್ಟು ಬಂತು. ಹಾಕಿದೆ.

ಊಟಕ್ಕೆ ಕೂತಾಗ ಪಾತ್ರೆ ಕೆದಕಿ ಅತ್ಯಂತ ದೊಡ್ಡ ಮಾಂಸದ ತುಂಡು, ಕೊಬ್ಬಿನಂಚು ಇರುವಂಥದ್ದು, ಹುಡುಕಿ ಅಕ್ಕನ ತಟ್ಟೆಗೆ ಬಡಿಸಿದೆ. ಅವಳು ಉರಿದುಬಿದ್ದಳು.

“ಯಾರು ತಿನ್ನುದು ಇದನ್ನು? ನನಗೆ ಕೊಲೆಸ್ಟ್ರಾಲ್ ಉಂಟು ಮಾರಾಯ! ಆ ಮೂಲಂಗಿ ಕೊಡು. ನಿಜವಾಗಿಯೂ ಈಗ ನನಗೆ ಅದೇ ಇಷ್ಟ.”

ತುಂಡು ನನ್ನ ತಟ್ಟೆಗೆ ಬಂತು. ನಾನು ತಿರುಗಿ ಅವಳ ತಟ್ಟೆಗೆ ಹಾಕಿದೆ. “ಇವತ್ತು ನೀನೇ ತಿನ್ನಬೇಕು!” ಅವಳು ಮತ್ತೆ ನನ್ನ ಕಡೆ ದೂಡಿದಳು. ಐವತ್ತು ದಾಟಿದ ಹೆಂಗಸೂ ನಲವತ್ತರ ಹತ್ತಿರದ ಗಂಡಸೂ ಒಂದು ಮಾಂಸದ ತುಂಡಿಗಾಗಿ ಗಂಟಲು ಹರಿದುಕೊಳ್ಳುತ್ತಿದ್ದೆವು, ಇಬ್ಬರೂ ಬೇಡವೆಂದು. ನಡುವೆ ಕೂತಿದ್ದ ನನ್ನ ಒಂಬತ್ತು ವರ್ಷದ ರೀನಾ ಸ್ವಲ್ಪ ಹೊತ್ತು ಕಾದಳು. “ಇಫ್ ನೋಬಡಿ ವಾಂಟ್ಸ್ ಇಟ್...” ಎಂದು ಕೈ ಚಾಚಿ ಎತ್ತಿಕೊಂಡು ಬಾಯಿಗಿಟ್ಟೇಬಿಟ್ಟಳು.

“ಆಂಟಿಗೆ ಥ್ಯಾಂಕ್ಸ್ ಹೇಳು” ಎಂದೆ.

“ಫಾರ್ ವಾಟ್?”

“ಮೊದಲು ತಿಂದು ಮುಗಿಸು. ಆಮೇಲೆ ಹೇಳ್ತೇನೆ.”