ಪ್ಲೈವುಡ್ ಗೋಡೆಯ ಆಚೆ ಕುಳಿತ ಗೈಡ್

2012ರಲ್ಲಿ ನಾನು ನವಿ ಮುಂಬಯಿಯ ಒಂದು ವಿಜ್ಞಾನ ಕಾಲೇಜಿನಲ್ಲಿ ವಿದೇಶ ಸಹಯೋಗ ವಿಭಾಗದ ಸಂಯೋಜಕಿಯಾಗಿದ್ದೆ. ಹೆಸರೇನೋ ದೊಡ್ಡದು. ವಿಭಾಗವೆಂದರೆ ನಾನು, ಒಂದು ಕಂಪ್ಯೂಟರ್, ಗ್ರಂಥಾಲಯದ ಮೂಲೆಯಲ್ಲಿ ಪ್ಲೈವುಡ್ ಹೊಡೆದು ಮಾಡಿಕೊಟ್ಟ ಕೋಣೆ, ಅಷ್ಟೇ. ಹೊರದೇಶದ ವಿಶ್ವವಿದ್ಯಾಲಯಗಳ ಸಂಶೋಧನಾ ಸಂಸ್ಥೆಗಳಿಂದ ನಿಯೋಗಗಳು ಬರುತ್ತಿದ್ದವು. ಶಾಲು ಹೊದಿಸಿ, ಎಂಒಯು ಅಂದರೆ ಒಡಂಬಡಿಕೆ ಪತ್ರಕ್ಕೆ ಸಹಿ ಹಾಕಿಸಿ, ಫೋಟೊ ತೆಗೆಸಿ ಕಳಿಸುತ್ತಿದ್ದೆವು. ಅವರು ವಿಮಾನ ಹತ್ತಿದ ಮೇಲೆ ನನ್ನ ಮೇಲ್‌ಗಳಿಗೆ ಉತ್ತರ ಬರುವುದು ನಿಂತುಹೋಗುತ್ತಿತ್ತು. ಎಷ್ಟು ಶಾಲು ಹೊದಿಸಿದೆನೋ ದೇವರೇ ಬಲ್ಲ. ನಮ್ಮಿಂದ ಹೊರಗೆ ಹೋದ ವಿದ್ಯಾರ್ಥಿಗಳನ್ನು ಮಾತ್ರ ಬೆರಳಲ್ಲಿ ಎಣಿಸಬಹುದಿತ್ತು.

ಹೀಗೆ ಬೇಸತ್ತು ಕೂತಿದ್ದಾಗ ಡೆನ್ಮಾರ್ಕಿನ ಒಂದು ಸಮುದ್ರ ಸಂಶೋಧನಾ ಸಂಸ್ಥೆ ನಿಜವಾಗಿಯೂ ಒಂದು ಜಾಗ ಕೊಡುತ್ತೇನೆಂದಿತು. ಇದನ್ನು ಸ್ಯಾಂಡ್‌ವಿಚ್ ಪಿಎಚ್‌ಡಿ ಎನ್ನುತ್ತಾರೆ. ಸಂಶೋಧನೆ ಇಲ್ಲಿ ಶುರು, ನಡುವೆ ಒಂದು ವರ್ಷ ಅಲ್ಲಿನ ಲ್ಯಾಬಿನಲ್ಲಿ ಕೆಲಸ, ಮತ್ತೆ ಇಲ್ಲಿಗೇ ಬಂದು ಪ್ರಬಂಧ ಮುಗಿಸುವುದು. ಖರ್ಚೆಲ್ಲ ಅವರದು.

ಆ ಜಾಗಕ್ಕೆ ನಮ್ಮಲ್ಲಿ ಸರಿಹೊಂದುವವಳು ಪ್ರತಿಮಾ ಒಬ್ಬಳೇ. ಉಡುಪಿ ಕಡೆಯ ಕುಟುಂಬ. ಶಹಾಡ್ ಸ್ಟೇಷನ್ ಹತ್ತಿರ ತಂದೆಯ ಪುಟ್ಟ ಹೋಟೆಲು, ಮನೆಯಲ್ಲಿ ತುಳು. ಥಾಣೆಯ ಖಾಡಿಯ, ಅಂದರೆ ಸಮುದ್ರದ ನೀರು ಒಳನುಗ್ಗುವ ಕೊಲ್ಲಿಯ, ಕೆಸರಿನಲ್ಲಿ ಪಾದರಸ ಎಷ್ಟಿದೆ ಎಂದು ಅಳೆಯುವುದು ಅವಳ ಸಂಶೋಧನೆ. ಮೊಣಕಾಲುದ್ದ ಕೆಸರಿಗೆ ಇಳಿದು, ಅದೇ ವಾಸನೆಯಲ್ಲಿ ಲೋಕಲ್ ರೈಲು ಹತ್ತುವ ಹುಡುಗಿ. "ಲೇಡೀಸ್ ಡಬ್ಬಾದಲ್ಲಿ ಎಲ್ಲರೂ ಅವರಷ್ಟಕ್ಕೇ ಜಾಗ ಬಿಡ್ತಾರೆ ಮೇಡಂ," ಎಂದು ನಗುತ್ತಿದ್ದಳು.

ಅವಳ ಗೈಡ್ ದೇಶಪಾಂಡೆ ಸರ್, ಧಾರವಾಡದವರು. ಕೆಟ್ಟ ಮನುಷ್ಯರಲ್ಲ, ವಿದ್ಯಾರ್ಥಿಗಳ ಜೊತೆ ತಾವೂ ಕೆಸರಿಗೆ ಇಳಿಯುವವರು. ಆದರೆ ನಮ್ಮ ಕಾಲೇಜುಗಳ ಪದ್ಧತಿ ಗೊತ್ತಲ್ಲ, ಗೈಡ್ ಪಕ್ಕದಲ್ಲಿದ್ದರೆ ವಿದ್ಯಾರ್ಥಿ ಬಾಯಿ ಬಿಡುವ ಹಾಗಿಲ್ಲ. ವಿಡಿಯೊ ಸಂದರ್ಶನದಲ್ಲಿ ಆದದ್ದೂ ಅದೇ. ಡೆನ್ಮಾರ್ಕಿನ ಸಂಸ್ಥೆಯ ಮುಖ್ಯಸ್ಥೆ ಪ್ರತಿಮಾಳನ್ನು ಕೇಳುತ್ತಾರೆ, ದೇಶಪಾಂಡೆ ಸರ್ ಉತ್ತರಿಸುತ್ತಾರೆ. ಇವಳು ತಲೆಯಾಡಿಸುತ್ತಾಳೆ. ಇಡೀ ಸಂದರ್ಶನ ಹೀಗೇ ಮುಗಿಯಿತು.

ಮರುದಿನ ಅವರಿಂದ ಮೇಲ್ ಬಂತು. ಕೆಲಸ ಚೆನ್ನಾಗಿದೆ, ಆದರೆ ಅದರಲ್ಲಿ ಈ ಹುಡುಗಿಯದು ಯಾವುದು ಎಂದು ನಮಗೆ ತಿಳಿಯಲಿಲ್ಲ, ಎಂದಿದ್ದರು. ನಾನು ಕಾಡಿ ಬೇಡಿ ಇನ್ನೊಂದು ಸಂದರ್ಶನಕ್ಕೆ ಒಪ್ಪಿಸಿದೆ. ಅವರ ಷರತ್ತು ಒಂದೇ, ಗೈಡ್ ಕೋಣೆಯಲ್ಲಿ ಇರಬಾರದು.

ಅದನ್ನು ದೇಶಪಾಂಡೆ ಸರ್‌ಗೆ ಹೇಳುವ ಪಾಡು ನನ್ನ ಪಾಲಿಗೆ ಬಂತು. ಅವರ ಮುಖ ಸಣ್ಣದಾಯಿತು. "ಅಲ್ರೀ ಮೇಡಂ, ನಮ್ಮ ಹುಡುಗಿ ಮಾತಾಡೂ ಮುಂದ ನಾ ಹೊರಗ ಕುಂಡ್ರಬೇಕೇನ್ರೀ? ಅಕಿ ಅಂಜಿದ್ಲು, ಅದಕ್ಕ ನಾ ಹೇಳಿದೆ. ಅದೂ ತಪ್ಪಾತೇನು?" ಎಂದರು. ಕೊನೆಗೆ ಒಪ್ಪಿ, ನನ್ನ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತರು, ಗೋಡೆಗೆ ಒರಗಿ.

ಈ ಸಲ ಪ್ರತಿಮಾ ಚೆನ್ನಾಗಿಯೇ ಮಾತಾಡಿದಳು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಡೆನ್ಮಾರ್ಕಿನ ಮುಖ್ಯಸ್ಥೆ ಕೇಳಿದರು, "ಈ ಕೆಲಸವನ್ನು ಮೊದಲಿನಿಂದ ಮಾಡುವುದಾದರೆ ಯಾವುದನ್ನು ಬದಲಿಸುತ್ತೀಯ?" ಪ್ರತಿಮಾ ಪ್ಲೈವುಡ್ ಗೋಡೆಯ ಕಡೆ ನೋಡಿದಳು. ಆಚೆ ಸರ್ ಕೆಮ್ಮಿದರು. ಉದ್ದೇಶಪೂರ್ವಕ ಅಲ್ಲ, ಅವರಿಗೆ ಕೆಮ್ಮು ಇತ್ತು. "ಏನೂ ಇಲ್ಲ, ಸರ್ ಹೇಳಿಕೊಟ್ಟ ವಿಧಾನವೇ ಸರಿ," ಎಂದಳು ಪ್ರತಿಮಾ. ಪರದೆಯ ಮೇಲಿನ ಮುಖ್ಯಸ್ಥೆ ವಂದನೆ ಹೇಳಿ ಮುಗಿಸಿದರು. ಜಾಗ ಕೈತಪ್ಪಿತು ಎಂದು ನನಗೆ ಆಗಲೇ ಗೊತ್ತಾಯಿತು.

ಸಂಜೆ ಸಾನಪಾಡಾ ಸ್ಟೇಷನ್ನಿನಲ್ಲಿ ಥಾಣೆ ಗಾಡಿಗೆ ಕಾಯುತ್ತಿದ್ದವಳನ್ನು ಹಿಡಿದು ಬೈದೆ. "ಏನೇ ಇದು, ಬಾಯಿಗೆ ಬೀಗ ಹಾಕ್ಕೊಂಡು ಕೂತ್ಬಿಟ್ಯಲ್ಲ! ಉತ್ತರ ಗೊತ್ತಿರಲಿಲ್ವಾ?"

"ಗೊತ್ತುಂಟು ಮೇಡಂ. ಸರ್ ಹೇಳಿದಷ್ಟು ಬಿಸಿಯಲ್ಲಿ ಕೆಸರು ಒಣಗಿಸಿದ್ರೆ ಪಾದರಸ ಸ್ವಲ್ಪ ಹಾರಿಯೇ ಹೋಗ್ತದೆ. ಲೆಕ್ಕ ಕಮ್ಮಿ ಬರ್ತದೆ."

"ಅದನ್ನೇ ಅಲ್ವೇನೆ ಅವರು ಕೇಳಿದ್ದು? ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಸೀಟ್ ಸಿಗ್ತಿತ್ತು. ಒಂದು ವರ್ಷ. ಆಮೇಲೆ? ವಾಪಸ್ ತೋ ಯಹೀಂ ಆನಾ ಹೈ ನಾ, ಮೇಡಂ, ಇಲ್ಲಿಗೇ ಬರ್ಬೇಕಲ್ಲ. ಸರ್ ಸೈನ್ ಇಲ್ಲದೆ ನನ್ನ ಥೀಸಿಸ್ ಮುಂದೆ ಹೋಗ್ತದಾ? ಡೆನ್ಮಾರ್ಕಿನವರು ಬಂದು ಸೈನ್ ಹಾಕ್ತಾರಾ?" ಗಾಡಿ ಬಂತು, ಹತ್ತಿ ಹೋದಳು.

ಪಾಪದ ಹುಡುಗಿ, ಅಂಜುಬುರುಕಿ ಎಂದುಕೊಂಡಿದ್ದೆ ನಾನು. ಅವಳು ಅಂಜಿರಲಿಲ್ಲ, ಮುಂದಿನದನ್ನು ಯೋಚಿಸಿದ್ದಳು. ಪಾಸ್‌ಪೋರ್ಟು, ವೀಸಾ, ವಿಮೆ, ಉಣ್ಣೆಯ ಕೋಟು ಎಂದು ಹೋಗುವುದರ ಬಗ್ಗೆ ನಮ್ಮ ಬಳಿ ಎಲ್ಲ ಸಿದ್ಧವಿತ್ತು. ಮರಳಿ ಬಂದವರು ಯಾರ ಕೈಕೆಳಗೆ ಬದುಕಬೇಕು ಎಂದು ಇಲ್ಲಿ ನಾವೂ ಕೇಳಿರಲಿಲ್ಲ, ಅಲ್ಲಿ ಅವರೂ ಕೇಳಿರಲಿಲ್ಲ. ಕೆಲಸ ನನಗೆ ಕಲಿಸಿದ್ದು ಇದೊಂದೇ, ಅದೂ ತಡವಾಗಿ.

ವಿದೇಶಕ್ಕೆ ಹೋಗಿ ಬರುವವರಿಗೆ ಇಲ್ಲಿ ಎರಡನೆಯ ಗೈಡ್ ಇರಬೇಕು, ಅವರ ಸಹಿಯೂ ಸಾಕಾಗಬೇಕು ಎಂದು ಪ್ರಸ್ತಾವ ಬರೆದೆ. "ಮುಂದಿನ ಮೀಟಿಂಗಿಗೆ ಇಡೋಣ" ಎಂದರು ಕಾಲೇಜಿನವರು. ಆ ಮುಂದಿನ ಮೀಟಿಂಗುಗಳಲ್ಲೇ ಎರಡು ವರ್ಷ ಸವೆಯಿತು. ನಿಯಮ ಬಂದ ದಿನ ಪ್ರತಿಮಾಳಿಗೆ ಫೋನ್ ಮಾಡಿದೆ. "ಒಳ್ಳೆಯದಾಯ್ತು ಮೇಡಂ," ಎಂದಳು. ಅವಳ ಥೀಸಿಸ್ ಆಗ ಬೈಂಡಿಂಗಿಗೆ ಹೋಗಿತ್ತು, ಅದೇ ಕಮ್ಮಿ ಬಂದ ಲೆಕ್ಕದೊಂದಿಗೆ.

ಆ ನಿಯಮದ ಅಡಿಯಲ್ಲಿ ಮೊದಲು ಹೋದವನು ಡೊಂಬಿವಲಿಯ ಹುಡುಗ. ಸಂದರ್ಶನದಲ್ಲಿ ತನ್ನ ಗೈಡಿನ ತಪ್ಪನ್ನು ಗಟ್ಟಿಯಾಗಿಯೇ ಹೇಳಿದ. ಹೋಗಿ ಬಂದ, ಡಾಕ್ಟರೇಟೂ ಆಯಿತು. ಸಿಹಿ ಕೊಡಲು ಬಂದಾಗ ಪ್ರತಿಮಾ ಅಂತ ಒಬ್ಬಳಿದ್ದಳು ಎಂದೆ. ಕೌನ್ ಪ್ರತಿಮಾ, ಎಂದ.