ಗಂಗೂ ಕಲಿಸಿದ ಟೋರ್ಟಿಲಾ

ಕಾರವಾರದ ಹತ್ತಿರದ ಬಿಣಗಾ ಊರಿನ ಗಂಗೂ ಇಪ್ಪತ್ತೆರಡು ವರ್ಷ ದಿನಕ್ಕೆ ಮೂವತ್ತು ಅಕ್ಕಿರೊಟ್ಟಿ ತಟ್ಟಿದವಳು. ಅದನ್ನು ಮನೆಯಲ್ಲಿ ಯಾರೂ ಕೆಲಸವೆಂದು ಕರೆಯಲಿಲ್ಲ. ಕೆಲಸಕ್ಕೆ ಹೋಗುವವನು ಗಂಡ ರಾಮಾ. ಅವನ ಊಟದ ಡಬ್ಬಿ ಬೆಳಿಗ್ಗೆ ಆರಕ್ಕೆ ತಾನಾಗಿಯೇ ತುಂಬಿಕೊಳ್ಳುತ್ತಿತ್ತು ಎಂಬಂತೆ.

2006ರಲ್ಲಿ ಕಾರವಾರದ ಮಹಿಳಾ ಮಂಡಳವೊಂದರಲ್ಲಿ ಶನಿವಾರದ ಅಡುಗೆ ತರಗತಿ ಶುರುವಾಯಿತು. ಗಂಗೂ ಅಲ್ಲಿ ಪಾತ್ರೆ ತೊಳೆಯಲು ಸೇರಿದಳು. ಕಲಿಸುವವರು ನಮಿತಾ ಅಕ್ಕೋರು. ಒಂದು ವಾರ ಅವರು ಟೋರ್ಟಿಲಾಕ್ಕೆ ಕೈಹಾಕಿದರು. ಅದು ಮೆಕ್ಸಿಕೋದವರ ಗೋವಿನಜೋಳದ ರೊಟ್ಟಿ. ಮುಕ್ಕೋನವಾಗಿ ಕತ್ತರಿಸಿ ಕರಿದರೆ ಚಿಪ್ಸ್. ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಬೇಕೆಂದು ಪುಸ್ತಕದಲ್ಲಿತ್ತು. ಸುಣ್ಣ ಇರುವುದು ಗೋಡೆಗೆ ಬಳಿಯಲು ಎಂದು ನಕ್ಕ ಅಕ್ಕೋರು ಅಂಗಡಿಯ ಹಿಟ್ಟನ್ನೇ ತಣ್ಣೀರಲ್ಲಿ ಕಲಸಿದರು. ರೊಟ್ಟಿ ಕಾವಲಿಗೆ ಹೋಗುವ ಮೊದಲೇ ಚೂರುಚೂರಾಯಿತು. ಹದಿನೈದು ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮುಂದಿನ ಶನಿವಾರ ಮತ್ತೆ ನೋಡೋಣ ಎಂದು ಅಕ್ಕೋರು ಪುಸ್ತಕ ಮಡಚಿದರು.

ಪಾತ್ರೆ ತೊಳೆಯುವ ತೊಟ್ಟಿಯ ಬಳಿಯಿಂದ ಗಂಗೂ ಕೇಳಿದಳು: "ಎಲೆಗೆ ಹಚ್ಕಂಡು ತಿನ್ನೂ ಸುಣ್ಣ ಹೊಟ್ಟಿಗೇ ಹೋಗ್ತದಲ್ರಾ ಅಕ್ಕೋರೆ?"

ಮನೆಗೆ ಹೋದವಳೇ ಗಂಗೂ ಅತ್ತೆ ಹೊನ್ನಮ್ಮನ ಎಲೆಯಡಿಕೆ ಪೆಟ್ಟಿಗೆಯಿಂದ ಚಿಪ್ಪಿಸುಣ್ಣ ತೆಗೆದಳು. ಉಪ್ಪು ಹಾಕುವ ಹಾಗೆ ಕೈ ಅಂದಾಜಿನಲ್ಲಿ ನೀರಿಗೆ ಹಾಕಿ ಕದಡಿ, ಜೋಳ ಬೇಯಿಸಿ ರಾತ್ರಿಯಿಡೀ ಬಿಟ್ಟಳು. ಬೆಳಿಗ್ಗೆ ರುಬ್ಬಿ ತಟ್ಟಿದ ರೊಟ್ಟಿ ಕಹಿಯೆಂದರೆ ಕಹಿ, ನಾಲಿಗೆ ಚುರುಗುಟ್ಟಿತು. ಎಮ್ಮೆಗೆ ಹಾಕು ಎಂದ ರಾಮಾ. ಎಮ್ಮೆಯೂ ಮೂಸಿ ಮುಖ ತಿರುಗಿಸಿತು.

ಇಷ್ಟು ವರ್ಷ ಸೊಸೆಯ ಅಡುಗೆಗೆ ಒಳ್ಳೆಯ ಮಾತಾಡದ ಹೊನ್ನಮ್ಮ ಎಲೆ ಜಗಿಯುತ್ತ ಹೇಳಿದಳು: "ಅಡಿ ಸುಣ್ಣ ಎಂತಕೆ ಹಾಕ್ದೆ? ಕದಡಿ ತಿಳಿಯಾಗೂಕೆ ಬಿಡು. ಮೇಲಿನ ತಿಳಿನೀರಷ್ಟೇ ತಕೊ."

ಎರಡನೇ ಸಲ ತಿಳಿನೀರಲ್ಲಿ ಬೆಂದ ಜೋಳದ ಸಿಪ್ಪೆ ಅಂಗೈಯಲ್ಲಿ ಉಜ್ಜಿದರೆ ಜಾರಿ ಬಂತು. ಐದು ನೀರಲ್ಲಿ ತೊಳೆದು ಒರಳಲ್ಲಿ ಗಟ್ಟಿಯಾಗಿ ರುಬ್ಬಿದಳು. ಉಂಡೆಯನ್ನು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿದಳು. ರೊಟ್ಟಿ ಅಂಚು ಒಡೆಯದೆ ಕಾವಲಿಯ ಮೇಲೆ ಉಬ್ಬಿತು. ಉಳಿದದ್ದನ್ನು ಕತ್ತರಿಸಿ, ಸಂಡಿಗೆಯಂತೆ ಬಿಸಿಲಿಗೆ ಹಾಕಿ, ತೆಂಗಿನೆಣ್ಣೆಯಲ್ಲಿ ಕರಿದಳು. ರಾಮಾ ತಟ್ಟೆ ಖಾಲಿ ಮಾಡಿದ.

ಶುಕ್ರವಾರ ಗಂಗೂ ಒಯ್ದುಕೊಟ್ಟಿದ್ದನ್ನು ಅಕ್ಕೋರು ತಿಂದು ನೋಡಿ ಹಿಗ್ಗಿದರು. ನಾಳೆ ಹಿಂದಿನ ಕೋಣೆಯಲ್ಲಿ ಮಾಡಿಕೊಡು, ಮುಂದೆ ನಿಂತು ನಾನು ವಿವರಿಸುತ್ತೇನೆ ಎಂದರು.

ಗಂಗೂ ಕೈಯಲ್ಲಿದ್ದ ಬೋಗುಣಿಯನ್ನು ಕೆಳಗಿಟ್ಟಳು. "ಹಿಂದೆ ಕೂತು ಇಪ್ಪತ್ತೆರಡು ವರ್ಷ ರೊಟ್ಟಿ ಸುಟ್ಟೆ ಅಕ್ಕೋರೆ. ನಾಳೆ ಮುಂದೆ ನಿಂತೇ ಮಾಡ್ತೆ. ಇಲ್ಲಾಂದ್ರೆ ಬ್ಯಾಡ."

"ನೀನು ಮುಂದೆ ನಿಂತ್ರೆ ಪಾತ್ರೆ ಯಾರು ತೊಳೀತಾರೆ?"

"ತಿಂದವ್ರು."

ಅಕ್ಕೋರಿಗೆ ಸಿಟ್ಟು ಬಂತು. ಆದರೆ ಹಿಂದಿನ ವಾರದ ಚೂರುಗಳೂ ನೆನಪಾದವು. ಹೂಂ ಎಂದರು.

ಶನಿವಾರ ಹಲಗೆಯ ಮೇಲೆ 'ಕಲಿಸುವವರು: ಗಂಗೂ' ಎಂದಿತ್ತು. ಅವಳು ಮೊದಮೊದಲು ಹಲಗೆಯನ್ನೇ ನೋಡುತ್ತ ಮಾತಾಡಿದಳು. ಹಿಟ್ಟು ಕೈಗೆ ಬಂದ ಮೇಲೆ ಹೆಂಗಸರತ್ತ ತಿರುಗಿದಳು. ಒಬ್ಬೊಬ್ಬರ ಉಂಡೆಯನ್ನೂ ಮುಟ್ಟಿ ನೋಡಿ, ಇದಕ್ಕೆ ನೀರು ಸಾಲದು, ಇದನ್ನು ಇನ್ನೂ ನಾದಬೇಕು ಎಂದು ಹೇಳುತ್ತ ಹೋದಳು. ಕೊನೆಯ ಬೆಂಚಿನಲ್ಲಿ ಕೂತ ನಮಿತಾ ಅಕ್ಕೋರು, ತಿಳಿನೀರು ಎಷ್ಟು ಎಂದು ಕೇಳಿದರು. ಅವರಿಗೆ ಬರೆದುಕೊಳ್ಳಲು ಆಗಲೆಂದು ಗಂಗೂ ನಿಧಾನವಾಗಿ, ಎರಡು ಸಲ ಹೇಳಿದಳು.